ಸಿಸೇರಿಯನ್ ಕೊಠಡಿಯ ಫೀನೈಲೆಫ್ರಿನ್: ಎಂಟು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಕಿರುಬೆರಳಿಗಿಂತ ದಪ್ಪವಿಲ್ಲದ ಗಾಜಿನ ಆಂಪ್ಯೂಲ್. ಒಳಗಿರುವುದು ನೀರಿನಂತೆ ತಿಳಿಯಾದ ಒಂದೇ ಮಿಲಿಲೀಟರ್ ದ್ರವ. ಅದರಲ್ಲಿ 10 ಮಿಲಿಗ್ರಾಂ ಫೀನೈಲೆಫ್ರಿನ್, ರಕ್ತನಾಳಗಳನ್ನು ಬಿಗಿದು ರಕ್ತದೊತ್ತಡ ಏರಿಸುವ ಔಷಧ. ಸಿಸೇರಿಯನ್‌ಗೆಂದು ಮೇಜಿನ ಮೇಲೆ ಮಲಗಿದ ತಾಯಿಗೆ ನಾವು ಒಂದು ಸಲಕ್ಕೆ ಕೊಡುವ ಪ್ರಮಾಣವಾದರೋ 50ರಿಂದ 100 ಮೈಕ್ರೋಗ್ರಾಂ. ಅಂದರೆ ಆ ಆಂಪ್ಯೂಲಿನ ಕುತ್ತಿಗೆ ಮುರಿದರೆ ಕಡಿಮೆಯೆಂದರೂ ನೂರು ಡೋಸುಗಳು ಒಟ್ಟಿಗೇ ಕೈಗೆ ಬಂದಂತೆ. ಈ ಔಷಧದ ಬಗ್ಗೆ ನಾನು ಹೇಳಬೇಕೆಂದಿರುವ ಒಳ್ಳೆಯದೂ ಕೆಟ್ಟದ್ದೂ ಬಹುಮಟ್ಟಿಗೆ ಈ ಲೆಕ್ಕದಲ್ಲೇ ಅಡಗಿದೆ.

ನಾನು ಒಂದೇ ಆಸ್ಪತ್ರೆಗೆ ಸೇರಿದವನಲ್ಲ. ಮಧ್ಯ ಕರ್ನಾಟಕದ ಎರಡು ತಾಲ್ಲೂಕು ಕೇಂದ್ರಗಳಲ್ಲಿರುವ ಐದಾರು ನರ್ಸಿಂಗ್ ಹೋಮ್‌ಗಳಿಗೆ, ಕರೆ ಬಂದಾಗ ಚೀಲ ಹಿಡಿದು ಹೋಗಿ ಅರಿವಳಿಕೆ ಕೊಟ್ಟು ಬರುವವನು. ದೊಡ್ಡ ಊರಿನ ಆಸ್ಪತ್ರೆಗಳ ಸಿರಿಂಜ್ ಪಂಪು, ಎರಡನೆಯ ವೈದ್ಯ, ಮೊದಲೇ ತುಂಬಿಸಿಟ್ಟ ಸಿರಿಂಜು ಇವು ಯಾವುವೂ ನನಗೆ ಸದಾ ಸಿಗುವಂಥವಲ್ಲ. ಹೀಗಾಗಿ ಇದು ಸೌಕರ್ಯ ಕಡಿಮೆ ಇರುವ ಕಡೆ ಈ ಔಷಧ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ವಿಮರ್ಶೆ. ಮುಖ್ಯವಾಗಿ ಬರೆಯುತ್ತಿರುವುದು ನನ್ನಂತೆಯೇ ಊರೂರು ತಿರುಗುವ ಅರಿವಳಿಕೆ ವೈದ್ಯರಿಗಾಗಿ. ಮನೆಯಲ್ಲಿ ಹೆರಿಗೆಯಿರುವವರು ಓದಿದರೂ ನಷ್ಟವಿಲ್ಲ.

ಮೊದಲು ತೊಂದರೆ ಯಾವುದೆಂದು ಹೇಳಿಬಿಡುತ್ತೇನೆ. ಸೊಂಟದ ಮೂರನೆಯ ಮತ್ತು ನಾಲ್ಕನೆಯ ಕಶೇರುಗಳ ಸಂದಿನಲ್ಲಿ ತೆಳ್ಳನೆಯ ಸೂಜಿ ತೂರಿಸಿ, ಮರಗಟ್ಟಿಸುವ ಔಷಧವಾದ ಶೇಕಡಾ 0.5ರ ಭಾರದ ಬ್ಯೂಪಿವಕೇನ್ ಎರಡು ಮಿಲಿಲೀಟರಿನಷ್ಟು ಕೊಟ್ಟರೆ (ಇದನ್ನೇ ಸ್ಪೈನಲ್ ಎನ್ನುವುದು), ಐದಾರು ನಿಮಿಷಗಳಲ್ಲಿ ಎದೆಯ ಮೊಲೆತೊಟ್ಟಿನ ಮಟ್ಟದವರೆಗೆ ನೋವು ಸತ್ತುಹೋಗುತ್ತದೆ. ನೋವಿನ ನರಗಳ ಜೊತೆಗೇ ರಕ್ತನಾಳಗಳನ್ನು ಬಿಗಿಹಿಡಿದಿರುವ ಅನುವೇದಕ ನರಗಳೂ ಮಲಗುತ್ತವೆ. ಧಮನಿಗಳು ಸಡಿಲವಾಗುತ್ತವೆ, ಕಾಲುಗಳ ಅಭಿಧಮನಿಗಳಲ್ಲಿ ರಕ್ತ ನಿಂತುಬಿಡುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ತುಂಬುಗರ್ಭಿಣಿಯಲ್ಲಿ ಇದರ ಮೇಲೆ ಇನ್ನೊಂದು ಹೊರೆ: ಅಂಗಾತ ಮಲಗಿದಾಗ ಗರ್ಭಕೋಶವು ಹಿಂದಿನ ದೊಡ್ಡ ಅಭಿಧಮನಿಯನ್ನು ಬೆನ್ನೆಲುಬಿಗೆ ಒತ್ತಿ ಹಿಡಿಯುತ್ತದೆ. ಮುಂಜಾಗ್ರತೆಯ ಔಷಧವಿಲ್ಲದೆ ಸ್ಪೈನಲ್ ಕೊಟ್ಟರೆ ಹತ್ತರಲ್ಲಿ ಏಳೆಂಟು ಸಿಸೇರಿಯನ್‌ಗಳಲ್ಲಿ ರಕ್ತದೊತ್ತಡ ಕುಸಿಯಬಹುದೆಂದು ಪಠ್ಯಗಳು ಹೇಳುತ್ತವೆ. ನನ್ನ ಮೊದಲ ವರ್ಷಗಳ ಅನುಭವವೂ ಅದಕ್ಕೆ ದೂರವಿರಲಿಲ್ಲ.

ಆ ಕುಸಿತ ಮಾನಿಟರಿನಲ್ಲಿ ಕಾಣುವುದಕ್ಕಿಂತ ಮೊದಲು ತಾಯಿಯ ಮುಖದಲ್ಲಿ ಕಾಣುತ್ತದೆ. ಮಲಗಿಸಿದ ಎರಡನೆಯ ನಿಮಿಷಕ್ಕೆ ಒಂದು ಆಕಳಿಕೆ. ಆಮೇಲೆ ಮೇಲ್ತುಟಿಯ ಮೇಲೆ ಸಣ್ಣ ಬೆವರು. ಆಮೇಲೆ, "ಹೊಟ್ಟಿ ತೊಳಸಾಕತ್ತೈತ್ರಿ ಸರ, ಯಾಕೋ ಕಣ್ಣಿಗೆ ಕತ್ಲಿ ಬಂದಂಗಾತು" ಎಂಬ ಮಾತು. "ಏನೂ ಆಗಂಗಿಲ್ಲವ್ವಾ, ಜೋರಾಗಿ ಉಸಿರು ತಗೋ" ಎಂದು ನಾನು ಹೇಳುತ್ತಿರುವಾಗಲೇ ತೋಳಿನ ಪಟ್ಟಿ ಗರ್ ಎಂದು ಉಬ್ಬಿ, ಇಳಿದು, 74 ಎಂದು ತೋರಿಸಿರುತ್ತದೆ. ಬಿ.ಪಿ. ಯಂತ್ರ ನಿಮಿಷಕ್ಕೊಮ್ಮೆ ಅಳೆಯುತ್ತದೆ. ಹೊಟ್ಟೆ ತೊಳಸುವುದಕ್ಕೆ ಆ ನಿಮಿಷದ ಕಾಯುವಿಕೆ ಇಲ್ಲ. ಮಗುವಿನ ಕಡೆಯ ಲೆಕ್ಕ ಇನ್ನೂ ಗಂಭೀರ: ಗರ್ಭಕೋಶದ ರಕ್ತಸಂಚಾರಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಇಲ್ಲದಿರುವುದರಿಂದ, ತಾಯಿಯ ಒತ್ತಡ ಎಷ್ಟು ಇಳಿಯುತ್ತದೋ ಮಾಸಿಗೆ ಹೋಗುವ ರಕ್ತವೂ ಅಷ್ಟಕ್ಕಷ್ಟು ಇಳಿಯುತ್ತದೆ.

ಫೀನೈಲೆಫ್ರಿನ್‌ಗೆ ಮೊದಲು ನನ್ನ ಕೈಯಲ್ಲಿದ್ದದ್ದು ಮೆಫೆಂಟರ್ಮಿನ್. ನಮ್ಮ ದೇಶದ ಬಹುಪಾಲು ಆಪರೇಷನ್ ಥಿಯೇಟರುಗಳಲ್ಲಿ ಈಗಲೂ ಮೊದಲು ಕೈಗೆ ಸಿಗುವುದು ಅದೇ. ಒಂದು ವಯಲ್ ತಂದರೆ ಹಲವು ದಿನ ಬರುತ್ತದೆ. 6 ಮಿಲಿಗ್ರಾಂ ಕೊಟ್ಟರೆ ಒತ್ತಡವೂ ಏರುತ್ತದೆ, ನಾಡಿಯೂ ಏರುತ್ತದೆ, ಕೊಟ್ಟವರಿಗೆ ಧೈರ್ಯವೂ ಬರುತ್ತದೆ. ಇದೇ ಕೆಲಸಕ್ಕೆ ಬಹುಕಾಲ ಬಳಕೆಯಲ್ಲಿದ್ದ ಇನ್ನೊಂದು ಔಷಧ ಎಫೆಡ್ರಿನ್ ನಮ್ಮಲ್ಲಿ ನಿಯಂತ್ರಿತ ವಸ್ತುಗಳ ಪಟ್ಟಿಯಲ್ಲಿರುವುದರಿಂದ ಅದರ ಕಾಗದಪತ್ರದ ಗೊಡವೆಯೇ ಬೇಡವೆಂದು ಸಣ್ಣ ಆಸ್ಪತ್ರೆಗಳು ಸುಮ್ಮನಾದವು.

ಎಫೆಡ್ರಿನ್ ಅಷ್ಟು ಕಾಲ ಹೆರಿಗೆ ಕೋಣೆಯನ್ನು ಆಳಿದ್ದರ ಹಿಂದೆ ಒಂದು ಕುರಿಯ ಕಥೆ ಇದೆ. 1974ರಲ್ಲಿ ಗಬ್ಬದ ಕುರಿಗಳ ಮೇಲೆ ನಾಲ್ಕು ಔಷಧಗಳನ್ನು ಪರೀಕ್ಷಿಸಿದಾಗ, ಗರ್ಭಕೋಶದ ರಕ್ತಸಂಚಾರವನ್ನು ಕೆಡಿಸದೆ ಒತ್ತಡ ಏರಿಸಿದ್ದು ಎಫೆಡ್ರಿನ್ ಎಂದು ಕಂಡುಬಂತು. ರಕ್ತನಾಳಗಳನ್ನು ಬಿಗಿಯುವ ಔಷಧ ಗರ್ಭಕೋಶದ ನಾಳಗಳನ್ನೂ ಬಿಗಿದು ಮಗುವಿಗೆ ಕೇಡುಮಾಡೀತೆಂಬ ಭಯ ಅಲ್ಲಿಂದ ಮೂರು ದಶಕಗಳಷ್ಟು ಕಾಲ ನಿಂತಿತು. ತಾಯಂದಿರ ಮೇಲೆಯೇ ಅಧ್ಯಯನ ನಡೆದಾಗ ಫಲಿತಾಂಶ ತಿರುವುಮುರುವಾಯಿತು: ಎಫೆಡ್ರಿನ್ ಮಾಸಿಯನ್ನು ದಾಟಿ ಮಗುವಿನ ಚಯಾಪಚಯವನ್ನು ಕೆರಳಿಸಿ ಹೊಕ್ಕುಳಬಳ್ಳಿಯ ರಕ್ತದ ಆಮ್ಲತೆಯನ್ನು ಹೆಚ್ಚಿಸುತ್ತದೆ, ಫೀನೈಲೆಫ್ರಿನ್ ಪಡೆದ ತಾಯಂದಿರ ಮಕ್ಕಳಲ್ಲಿ ಆ ತೊಂದರೆ ಕಡಿಮೆ. ಈ ತಿರುವಿಗೆ ಹಾಂಗ್‌ಕಾಂಗಿನ ವಾರಿಕ್ ನಾನ್ ಕೀ ಮತ್ತು ಅವರ ಸಂಗಡಿಗರ ಕೆಲಸ ದೊಡ್ಡದು. 2018ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಸಹಮತದ ಹೇಳಿಕೆಯು ಸಿಸೇರಿಯನ್‌ನಲ್ಲಿ ಫೀನೈಲೆಫ್ರಿನ್ ಬಗೆಯ ಔಷಧವನ್ನೇ ಮೊದಲ ಆಯ್ಕೆಯೆಂದು ಬರೆಯಿತು. ಇನ್ನೊಂದು ಮಾತನ್ನೂ ಅದು ಬರೆಯಿತು: ಒತ್ತಡ ಬಿದ್ದ ಮೇಲೆ ಕೊಡುವುದಲ್ಲ, ಸ್ಪೈನಲ್ ಕೊಟ್ಟ ಕೂಡಲೇ, ಬೀಳುವುದಕ್ಕೆ ಮೊದಲೇ ಶುರುಮಾಡುವುದು.

ನನ್ನ ಅಭಿಪ್ರಾಯದಲ್ಲಿ ಈ ಔಷಧವನ್ನು ಮೆಚ್ಚುವವರೂ ಹಳಿಯುವವರೂ ಬೇರೆಯಾಗುವುದು ಈ ಒಂದು ಮಾತಿನಲ್ಲೇ. ಬಿದ್ದ ಮೇಲೆ ಎತ್ತಲು ಇಟ್ಟುಕೊಂಡವರಿಗೆ ಫೀನೈಲೆಫ್ರಿನ್ ಮೆಫೆಂಟರ್ಮಿನ್‌ಗಿಂತ ಅಷ್ಟೇನೂ ಮೇಲೆಂದು ತೋರುವುದಿಲ್ಲ. ಒತ್ತಡ 70ಕ್ಕೆ ಇಳಿದು ತಾಯಿ ವಾಂತಿ ಮಾಡುತ್ತಿರುವಾಗ ಗಾಬರಿಯಲ್ಲಿ, ತೆಳುಗೊಳಿಸಿಟ್ಟದ್ದರಲ್ಲಿ ಒಂದು ಮಿಲಿಲೀಟರ್ (100 ಮೈಕ್ರೋಗ್ರಾಂ) ತಳ್ಳಿದರೆ ಒಮ್ಮೆ ಏರುತ್ತದೆ. ಅದರ ಪ್ರಭಾವ ಐದು ಹತ್ತು ನಿಮಿಷದ್ದಾದ್ದರಿಂದ ಮತ್ತೆ ಇಳಿಯುತ್ತದೆ, ಮತ್ತೆ ತಳ್ಳಬೇಕಾಗುತ್ತದೆ. ನಾನೂ ಮೊದಲ ಆರು ತಿಂಗಳು ಹೀಗೇ ಬಳಸಿ, ಇದೇನು ಮಹಾ ಎಂದುಕೊಂಡಿದ್ದೆ. ಹನಿಹನಿಯಾಗಿ ಮೊದಲಿನಿಂದಲೇ ಓಡಿಸಲು ಶುರುಮಾಡಿದ ಮೇಲೆ ಗೊತ್ತಾಯಿತು, ಇದು ಬೇರೆಯದೇ ಔಷಧ.

ನಾನು ಬಳಸುವ ರೀತಿ ಹೀಗಿದೆ. ನೂರು ಮಿಲಿಲೀಟರಿನ ಸಲೈನ್ ಬಾಟಲಿಗೆ ಒಂದು ಆಂಪ್ಯೂಲ್ ಪೂರ್ತಿ ಹಾಕುತ್ತೇನೆ. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಆಗುತ್ತದೆ. ಸಿರಿಂಜ್ ಪಂಪು ಇರುವ ಕಡೆ ಗಂಟೆಗೆ 30 ಮಿಲಿಲೀಟರ್ ಎಂದು ಒತ್ತಿದರೆ ನಿಮಿಷಕ್ಕೆ 50 ಮೈಕ್ರೋಗ್ರಾಂ. ಪಂಪು ಇಲ್ಲದ ಕಡೆ, ಅಂದರೆ ನಾನು ಹೋಗುವ ಹೆಚ್ಚಿನ ಕಡೆ, ಮಕ್ಕಳಿಗೆ ಬಳಸುವ ಮೈಕ್ರೋಡ್ರಿಪ್ ಸೆಟ್ ಹಾಕುತ್ತೇನೆ. ಅದರಲ್ಲಿ 60 ಹನಿಗೆ ಒಂದು ಮಿಲಿಲೀಟರ್. ಆದ್ದರಿಂದ ನಿಮಿಷಕ್ಕೆ 30 ಹನಿ ಬಿದ್ದರೆ ಅದೇ 50 ಮೈಕ್ರೋಗ್ರಾಂ, 15 ಹನಿ ಬಿದ್ದರೆ 25. ಎರಡು ಸೆಕೆಂಡಿಗೆ ಒಂದು ಹನಿ ಎಂದು ಗೋಡೆಯ ಗಡಿಯಾರ ನೋಡಿ ಚಕ್ರವನ್ನು ಸರಿಪಡಿಸಿಕೊಳ್ಳಬಹುದು. ಕರೆಂಟು ಹೋದರೂ ಹನಿ ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆ ಸಣ್ಣ ಅನುಕೂಲವೇನಲ್ಲ. ಒಂದು ಎಚ್ಚರ: ಇದನ್ನು ಓಡುತ್ತಿರುವ ರಿಂಗರ್ ಲ್ಯಾಕ್ಟೇಟ್ ದ್ರವದ (ಸಲೈನ್‌ನಂಥದ್ದೇ) ನಾಳಕ್ಕೆ, ಕೈಯಲ್ಲಿರುವ ಕ್ಯಾನ್ಯುಲಾಗೆ ಆದಷ್ಟು ಹತ್ತಿರದಲ್ಲಿ ಸೇರಿಸಬೇಕು, ದೂರದಲ್ಲಿ ಸೇರಿಸಿದರೆ ನಡುವಿನ ನಾಳದಲ್ಲಿ ನಿಂತ ಔಷಧ ಯಾರೋ ರಿಂಗರ್ ಜೋರು ಮಾಡಿದಾಗ ಒಮ್ಮೆಲೇ ಒಳಗೆ ಹೋಗುತ್ತದೆ.

ಕಳೆದ ತಿಂಗಳಿನ ಒಂದು ಸಾಧಾರಣ ಪ್ರಸಂಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎರಡನೆಯ ಸಿಸೇರಿಯನ್, ಮೊದಲನೆಯದರಲ್ಲಿ ಆಕೆಗೆ ಬಿ.ಪಿ. ಬಿದ್ದು ಮಗು ಹೊರಬರುವವರೆಗೂ ವಾಂತಿಯಾಗಿತ್ತಂತೆ, ಆದ್ದರಿಂದ ಬೆನ್ನಿಗೆ ಇಂಜೆಕ್ಷನ್ ಬೇಡವೆಂದೇ ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಶುರುವಿನ ಒತ್ತಡ 124, ನಾಡಿ 92. ಮೇಲೆ ಹೇಳಿದ ಸಹಮತದ ಪ್ರಕಾರ ಒತ್ತಡವನ್ನು ಶುರುವಿನ ಶೇಕಡಾ 90ಕ್ಕಿಂತ ಮೇಲಿಡಲು ಯತ್ನಿಸಬೇಕು, 80ಕ್ಕಿಂತ ಕೆಳಗೆ ಬಿಡಬಾರದು. ಅಂದರೆ ಈಕೆಗೆ 112ರ ಆಸುಪಾಸು ನನ್ನ ಗುರಿ, 99 ನನ್ನ ಗಡಿ. ಸೂಜಿ ತೆಗೆದು ಮಲಗಿಸಿದ ಕೂಡಲೇ 30 ಹನಿ ಬಿಟ್ಟೆ, ಅದೇ ಹೊತ್ತಿಗೆ ರಿಂಗರ್ ಪೂರ್ತಿ ತೆರೆದೆ. ಮೊದಲ ನಿಮಿಷ 120, ಎರಡನೆಯದು 116, ಮೂರನೆಯದು 119. ಐದನೆಯ ನಿಮಿಷಕ್ಕೆ 138 ತೋರಿಸಿ ನಾಡಿ 64ಕ್ಕೆ ಇಳಿದಾಗ ಹನಿ ನಿಲ್ಲಿಸಿದೆ. ಎರಡು ನಿಮಿಷದ ನಂತರ 15 ಹನಿಗೆ ಮತ್ತೆ ಬಿಟ್ಟೆ. ಮಗು ಹೊರಬಂದಾಗ ಆಕೆ ಕೇಳಿದ್ದು ಮಗು ಗಂಡೋ ಹೆಣ್ಣೋ ಎಂದಲ್ಲ, "ವಾಂತಿ ಬರೋದು ಇನ್ನೂ ಎಷ್ಟೊತ್ತಿಗ್ರಿ?" ಎಂದು.

ಇನ್ನು ಕೊರತೆಗಳು. ಔಷಧದ ಗುಣಕ್ಕೇ ಸೇರಿದ ಮೊದಲ ಕೊರತೆ ನಾಡಿಯದು. ಫೀನೈಲೆಫ್ರಿನ್ ನಾಳಗಳನ್ನು ಮಾತ್ರ ಬಿಗಿಯುತ್ತದೆ, ಹೃದಯವನ್ನು ತಟ್ಟಿ ಎಬ್ಬಿಸುವುದಿಲ್ಲ. ಒತ್ತಡ ಏರಿದ್ದನ್ನು ಕಂಡ ಹೃದಯ ತಾನೇ ನಿಧಾನವಾಗುತ್ತದೆ, ಅದರೊಂದಿಗೆ ಅದು ಪಂಪು ಮಾಡುವ ರಕ್ತವೂ ಕಡಿಮೆಯಾಗುತ್ತದೆ. ಒತ್ತಡ ಚೆನ್ನಾಗಿದ್ದು ನಾಡಿ 55 ಇದ್ದರೆ ಹನಿ ನಿಲ್ಲಿಸಿ ಕಾದರೆ ಸಾಕು, ಗಾಬರಿಯಿಂದ ನಾಡಿ ಏರಿಸುವ ಅಟ್ರೋಪಿನ್ ಕೊಟ್ಟು ಒತ್ತಡವನ್ನು ಆಕಾಶಕ್ಕೇರಿಸಬಾರದು. ಒತ್ತಡವೂ ಕಡಿಮೆ, ನಾಡಿಯೂ ಕಡಿಮೆ ಎಂದಾದರೆ ಕಥೆ ಬೇರೆ: ಅಲ್ಲಿ ಇನ್ನಷ್ಟು ಫೀನೈಲೆಫ್ರಿನ್ ತಳ್ಳುವುದು ತಪ್ಪು, ಅಟ್ರೋಪಿನ್ನೋ ಮೆಫೆಂಟರ್ಮಿನ್ನೋ ಬೇಕಾಗುತ್ತದೆ. ಆದ್ದರಿಂದಲೇ ಹಳೆಯ ಮೆಫೆಂಟರ್ಮಿನ್ ವಯಲನ್ನು ನಾನಿನ್ನೂ ಚೀಲದಿಂದ ತೆಗೆದಿಲ್ಲ. ಮೊದಲೇ ಬಿ.ಪಿ. ಏರಿರುವ ಗರ್ಭಿಣಿಯರಲ್ಲಿ ಸ್ಪೈನಲ್ ಕೊಟ್ಟಾಗ ಕುಸಿತ ಸಾಮಾನ್ಯವಾಗಿ ಕಡಿಮೆ. ಅವರಿಗೆ ಮಾಮೂಲಿ ವೇಗದಲ್ಲಿ ಬಿಟ್ಟರೆ ಅಪಾಯಕರ ಮಟ್ಟಕ್ಕೆ ಏರುತ್ತದೆ, ಹನಿಗಳನ್ನು ತೀರ ಕಡಿಮೆ ಮಾಡಿಯೇ ಶುರುಮಾಡಬೇಕು.

ಎರಡನೆಯ ಕೊರತೆ ಕಂಪನಿಗಳದು, ಮತ್ತು ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿಯೇ. ನೂರು ಪಟ್ಟು ತೆಳುಗೊಳಿಸದೆ ಬಳಸುವಂತೆಯೇ ಇಲ್ಲದ ಔಷಧವನ್ನು, ಥಿಯೇಟರಿನ ಇತರ ಹತ್ತಾರು ಪುಟ್ಟ ಆಂಪ್ಯೂಲುಗಳಂತೆಯೇ ಕಾಣುವ ಗಾಜಿನಲ್ಲಿ, ಕನ್ನಡಕ ಹಾಕಿದರೂ ಓದಲಾಗದ ಅಕ್ಷರದಲ್ಲಿ ಮಾರುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಕೈ ತೊಳೆಯುತ್ತಿದ್ದಾಗ, ಹೊಸದಾಗಿ ಸೇರಿದ್ದ ಸಿಸ್ಟರ್ ಸಹಾಯವಾಗಲೆಂದು ಆಂಪ್ಯೂಲ್ ಒಡೆದು, ಹತ್ತು ಮಿಲಿಲೀಟರ್ ಸಿರಿಂಜಿನಲ್ಲಿ ಸಲೈನ್ ಬೆರೆಸಿ, ಟ್ರೇಯಲ್ಲಿ ಇಟ್ಟಿದ್ದರು. ಹೆಸರಿನ ಚೀಟಿ ಇಲ್ಲ. ಅದು ಮಿಲಿಲೀಟರಿಗೆ 1000 ಮೈಕ್ರೋಗ್ರಾಂ, ನಾನು ನಂಬಿದ್ದರ ಹತ್ತು ಪಟ್ಟು. "ಇದೇನ್ ಸಿಸ್ಟರ್?" ಎಂದು ಕೇಳಿದ್ದರಿಂದ ಆ ದಿನ ಏನೂ ಆಗಲಿಲ್ಲ. ಆಕೆಯ ತಪ್ಪೆಂದು ನಾನು ಇಂದಿಗೂ ಹೇಳುವುದಿಲ್ಲ. ಇತರ ಔಷಧಗಳನ್ನು ಹತ್ತಕ್ಕೆ ಬೆರೆಸಿಯೇ ಆಕೆಗೆ ರೂಢಿ. ಆ ಪ್ರಮಾಣ ಒಂದು ಮಿಲಿಲೀಟರ್ ಒಳಗೆ ಹೋಗಿದ್ದರೆ ಒತ್ತಡ 200 ದಾಟಿ ಮೆದುಳಿನಲ್ಲಿ ರಕ್ತಸ್ರಾವವೋ ಶ್ವಾಸಕೋಶದಲ್ಲಿ ನೀರೋ ಆಗಬಹುದಿತ್ತು. ಅಂದಿನಿಂದ ಬೆರೆಸುವವನೂ ನಾನೇ, ಬಾಟಲಿಯ ಮೇಲೆ ಹೆಸರು, ಪ್ರಮಾಣ, ಹೊತ್ತು ಬರೆಯುವವನೂ ನಾನೇ.

ಬ್ರಿಟನ್, ಅಮೆರಿಕಗಳಲ್ಲಿ ಮೊದಲೇ ತೆಳುಗೊಳಿಸಿ ಸಿರಿಂಜಿಗೆ ತುಂಬಿದ ಫೀನೈಲೆಫ್ರಿನ್ ದೊರೆಯುತ್ತದೆ. ನಮ್ಮ ಜಿಲ್ಲೆಯ ಸಗಟು ಅಂಗಡಿಗಳಲ್ಲಿ ನಾನು ಕೇಳಿದಾಗಲೆಲ್ಲ ಕೈಗೆ ಬರುವುದು ಅದೇ 10 ಮಿಲಿಗ್ರಾಂ ಆಂಪ್ಯೂಲ್. ವ್ಯರ್ಥದ ಲೆಕ್ಕವನ್ನೂ ಹೇಳಬೇಕು: ಒಂದು ಸಿಸೇರಿಯನ್‌ಗೆ ಸಾಮಾನ್ಯವಾಗಿ 15ರಿಂದ 25 ಮಿಲಿಲೀಟರ್ ಮುಗಿಯುತ್ತದೆ, ಉಳಿದ ಮುಕ್ಕಾಲು ಬಾಟಲಿಯನ್ನು ಚೆಲ್ಲಬೇಕು. ಮುಂದಿನ ಕೇಸಿಗೆ ಇಟ್ಟುಕೊಳ್ಳೋಣವೆಂಬ ಮಾತು ಆಡಳಿತದವರಿಂದ ಬಂದೇ ಬರುತ್ತದೆ. ಒಬ್ಬರ ನಾಳಕ್ಕೆ ಸೇರಿಸಿದ ಬಾಟಲಿಯನ್ನು ಇನ್ನೊಬ್ಬರಿಗೆ ಹಾಕಲಾಗದು ಎಂಬುದು ಚರ್ಚೆಯ ವಿಷಯವೇ ಅಲ್ಲ.

ಈ ಔಷಧ ಮಾಡದ ಕೆಲಸವನ್ನೂ ತಿಳಿದಿರಬೇಕು. ಮಗು ಹೊರಬಂದ ಮೇಲೆ ಬರುವ ಎರಡನೆಯ ಕುಸಿತಕ್ಕೆ ಎಷ್ಟೋ ಸಲ ಕಾರಣ ಸ್ಪೈನಲ್ ಅಲ್ಲ, ಗರ್ಭಕೋಶ ಬಿಗಿಯಾಗಲೆಂದು ಕೊಡುವ ಆಕ್ಸಿಟೋಸಿನ್. ಹತ್ತು ಯೂನಿಟ್ಟನ್ನು ಒಂದೇ ಉಸಿರಿಗೆ ನಾಳಕ್ಕೆ ತಳ್ಳುವ ಹಳೆಯ ಅಭ್ಯಾಸ ಕೆಲವೆಡೆ ಇನ್ನೂ ಇದೆ; ಅದು ರಕ್ತನಾಳಗಳನ್ನು ಸಡಿಲಗೊಳಿಸಿ ಒತ್ತಡ ಇಳಿಸುತ್ತದೆ, ಬೈಗುಳ ಬೆನ್ನಿನ ಇಂಜೆಕ್ಷನ್‌ಗೆ ಬರುತ್ತದೆ. ಅದೇ ಕೆಲಸಕ್ಕೆ ಮೀಥೈಲ್ ಎರ್ಗೊಮೆಟ್ರಿನ್ ಕೊಡುವುದಿದ್ದರೆ ಆ ಮೊದಲು ಫೀನೈಲೆಫ್ರಿನ್ ಹನಿ ನಿಲ್ಲಿಸುವುದು ಒಳ್ಳೆಯದು, ಎರಡೂ ಒತ್ತಡ ಏರಿಸುವಂಥವೇ. ಇನ್ನು ರಕ್ತಸ್ರಾವದಿಂದ ಬೀಳುತ್ತಿರುವ ಒತ್ತಡವನ್ನು ಈ ಹನಿ ಕೆಲಹೊತ್ತು ಮುಚ್ಚಿಡಬಲ್ಲದು. ಹನಿ ಏರಿಸುತ್ತಲೇ ಹೋಗಬೇಕಾಗಿ ಬಂದರೆ, ನಾಡಿಯೂ ಏರುತ್ತಿದ್ದರೆ, ಮಾನಿಟರ್ ಬಿಟ್ಟು, ಹೀರಿದ ರಕ್ತ ಸೇರುವ ಸಕ್ಷನ್ ಬಾಟಲಿಯ ಕಡೆ ನೋಡಬೇಕು.

ಜೊತೆಗೆ ಬೇಕಾದವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸ್ಪೈನಲ್‌ಗೆ ಮುಂಚೆಯೇ ಒಂದು ಲೀಟರ್ ಸಲೈನೋ ರಿಂಗರೋ ಓಡಿಸಿ ಕಾಯುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಅದು ನಾಳಗಳಲ್ಲಿ ನಿಲ್ಲದೆ ಹೊರಗೆ ಸೋರಿಹೋಗುತ್ತದೆ. ಸ್ಪೈನಲ್ ಕೊಡುವ ಹೊತ್ತಿಗೇ ಜೋರಾಗಿ ಓಡಿಸುವುದು ಮೇಲು. ನಾಲ್ಕು ಮಿಲಿಗ್ರಾಂ ಒಂಡಾನ್‌ಸೆಟ್ರಾನ್ ಮೊದಲೇ ಕೊಟ್ಟರೆ ಓಕರಿಕೆಗೂ ಒಳ್ಳೆಯದು, ಕುಸಿತವನ್ನೂ ಸ್ವಲ್ಪ ತಗ್ಗಿಸುತ್ತದೆ. ಕಾಲುಗಳಿಗೆ ಪಾದದಿಂದ ತೊಡೆಯವರೆಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತುವ ಉಪಾಯಕ್ಕೂ ಆಧಾರವಿದೆ. ಖರ್ಚಿಲ್ಲ, ಸುತ್ತುವ ಆಯಾಗೆ ಬೇಸರ ಮಾತ್ರ. ಬಲ ಪಿರ್ರೆಯ ಕೆಳಗೆ ಮಡಿಚಿದ ಬೆಡ್‌ಶೀಟ್ ಇಟ್ಟು ಎಡಕ್ಕೆ ಓರೆ ಮಾಡುವುದು ನಮ್ಮೆಲ್ಲರ ಹಳೆಯ ರೂಢಿ. ಎಂ.ಆರ್.ಐ. ತೆಗೆದು ನೋಡಿದ 2015ರ ಜಪಾನಿನ ಅಧ್ಯಯನದ ಪ್ರಕಾರ 15 ಡಿಗ್ರಿ ಓರೆಯಿಂದ ಆ ದೊಡ್ಡ ಅಭಿಧಮನಿ ಬಿಡಿಸಿಕೊಳ್ಳುವುದಿಲ್ಲ, 30 ಡಿಗ್ರಿ ಬೇಕು. ಅಷ್ಟು ಓರೆ ಮಾಡಿದರೆ ಸರ್ಜನ್ ಚಾಕು ಇಟ್ಟು ಹೊರಗೆ ನಡೆಯುತ್ತಾರೆ. ನಾನು ಬೆಡ್‌ಶೀಟ್ ಇಡುವುದನ್ನು ಬಿಟ್ಟಿಲ್ಲ, ಅದರ ಮೇಲೆ ಭರವಸೆ ಇಡುವುದನ್ನು ಬಿಟ್ಟಿದ್ದೇನೆ.

ಪ್ರತಿಸ್ಪರ್ಧಿಯೆಂದರೆ ನಾರ್‌ಅಡ್ರಿನಲಿನ್. ಹಾಂಗ್‌ಕಾಂಗಿನ ಅದೇ ತಂಡ 2015ರಲ್ಲಿ ಅದನ್ನು ಸಿಸೇರಿಯನ್‌ನಲ್ಲಿ ಫೀನೈಲೆಫ್ರಿನ್‌ನೊಂದಿಗೆ ಹೋಲಿಸಿ ನೋಡಿತು. ಒತ್ತಡ ಕಾಯುವುದರಲ್ಲಿ ಎರಡೂ ಸಮ, ನಾಡಿ ಮತ್ತು ಹೃದಯದ ಹೊರಹರಿವು ನಾರ್‌ಅಡ್ರಿನಲಿನ್‌ನಲ್ಲಿ ಉತ್ತಮ ಎಂದು ಕಂಡಿತು. ನಾನೂ ಕೆಲವು ಕೇಸುಗಳಲ್ಲಿ ಬಳಸಿದ್ದೇನೆ, ನಾಡಿ ಇಳಿಯದಿರುವುದು ನಿಜಕ್ಕೂ ನೆಮ್ಮದಿ. ಆದರೆ ಅದರ ಡೋಸ್ ಐದಾರು ಮೈಕ್ರೋಗ್ರಾಂ. ನೂರು ಪಟ್ಟಿನ ಲೆಕ್ಕಕ್ಕೇ ಇಷ್ಟು ಎಚ್ಚರ ಬೇಕಾದ ಕಡೆ ಇನ್ನೂ ಸೂಕ್ಷ್ಮವಾದ ಲೆಕ್ಕವನ್ನು ನಡುರಾತ್ರಿ ಎರಡು ಗಂಟೆಗೆ ಒಬ್ಬನೇ ಮಾಡಲು ನನಗೆ ಧೈರ್ಯ ಸಾಲದು. ಸಿದ್ಧ ಸಿರಿಂಜು ಬಂದ ದಿನ ಮನಸ್ಸು ಬದಲಿಸಿಕೊಂಡೇನು.

ಅಂದ ಹಾಗೆ, ಮೂಗು ಕಟ್ಟಿದಾಗ ನುಂಗುವ ನೆಗಡಿ ಮಾತ್ರೆಗಳಲ್ಲಿರುವ ಫೀನೈಲೆಫ್ರಿನ್ನೂ ಇದೇ. ಹೊಟ್ಟೆಯ ಹಾದಿಯಲ್ಲಿ ಹೋದರೆ ಕರುಳು, ಯಕೃತ್ತುಗಳಲ್ಲೇ ಬಹುಪಾಲು ಸವೆದುಹೋಗುತ್ತದೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಆ ಮಾತ್ರೆಗಳಿಂದ ಕಟ್ಟಿದ ಮೂಗು ಬಿಡುವುದಿಲ್ಲವೆಂದು ಒಮ್ಮತದಿಂದ ಹೇಳಿತು. ಮಾತ್ರೆಯಲ್ಲಿ ಅಷ್ಟು ನಿರ್ಜೀವವಾದದ್ದು ನಾಳದಲ್ಲಿ ಹೀಗೆ ಜೀವ ತಳೆಯುವುದನ್ನು ಕಂಡಾಗಲೆಲ್ಲ ನನಗೆ ಸೋಜಿಗವೇ.

ಔಷಧಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ; ಕಳೆದ ಅರ್ಧ ನಾಡಿಯ ಬಾಬ್ತು. ಅದನ್ನು ತುಂಬಿ ಮಾರುವ ರೀತಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಬೆಲೆಯ ಬಗ್ಗೆ ತಕರಾರಿಲ್ಲ, ಸಿಸೇರಿಯನ್ನಿನ ಒಟ್ಟು ಬಿಲ್ಲಿನಲ್ಲಿ ಅದು ಕಣ್ಣಿಗೆ ಬೀಳುವುದೂ ಇಲ್ಲ. ಈಗ ನನ್ನ ಚೀಲದ ಒಂದು ಜೇಬಿನಲ್ಲಿ ನಾಲ್ಕು ಆಂಪ್ಯೂಲು, ಎರಡು ಮೈಕ್ರೋಡ್ರಿಪ್ ಸೆಟ್ಟು, ಮಾರ್ಕರ್ ಪೆನ್ನು ಮತ್ತು ಒತ್ತಡ ಏರಿಸುವ ಔಷಧಗಳಿಗೆ ಲೋಕವೆಲ್ಲ ಬಳಸುವ ನೇರಳೆ ಬಣ್ಣದ ಲೇಬಲ್ ಸುರುಳಿ ಸದಾ ಇರುತ್ತವೆ. ಆಂಪ್ಯೂಲು, ಸೆಟ್ಟುಗಳನ್ನು ಕೇಳಿದರೆ ನರ್ಸಿಂಗ್ ಹೋಮಿನವರು ತರಿಸಿಕೊಡುತ್ತಾರೆ. ಲೇಬಲ್ ಸುರುಳಿಯನ್ನು ಮಾತ್ರ ಇದುವರೆಗೆ ನಾನೇ ಕೊಳ್ಳುತ್ತಿದ್ದೇನೆ.